ಬಲಾಢ್ಯ ಮಿತ್ರನ ನೆರೆಯಲ್ಲಿ ಭೂತಾನ
(ಉಪನ್ಯಾಸದ ಬರಹರೂಪ)



ಬಲಾಢ್ಯ ನೆರೆರಾಷ್ಟ್ರವೇ ಮಿತ್ರನೂ ಆಗಿರುವಾಗ ಸಣ್ಣ ದೇಶವೊಂದು ತನ್ನತನವನ್ನು ಉಳಿಸಿಕೊಳ್ಳುವ ಬಗೆ ಹೇಗೆ? ಭೂತಾನದ ಅನುಭವದಿಂದ ಇದನ್ನು ಅರಿಯಲು ಯತ್ನಿಸೋಣ. ಇಲ್ಲಿ ಆ ಬಲಾಢ್ಯ ನೆರೆ ನಮ್ಮ ಭಾರತವೇ ಎಂಬುದು ನೆನಪಿರಲಿ.

1949ರ ಒಪ್ಪಂದದಂತೆ ಭೂತಾನವು ವಿದೇಶಾಂಗ ವ್ಯವಹಾರಗಳಲ್ಲಿ ಭಾರತದ ಸಲಹೆಯಂತೆ ನಡೆಯಬೇಕಿತ್ತು. 1971ರಲ್ಲಿ ಭಾರತದ ಬೆಂಬಲದಿಂದಲೇ ಅದು ವಿಶ್ವಸಂಸ್ಥೆಯನ್ನು ಸೇರಿತು. ಸಲಹೆಯ ಆ ಷರತ್ತು ಒಪ್ಪಂದದಿಂದ ಮರೆಯಾದದ್ದು 2007ರಲ್ಲಿ. ಕಲಹವಿಲ್ಲದೆ, ಹೆಜ್ಜೆಹೆಜ್ಜೆಯಾಗಿ ದೊರೆತ ಬಿಡುಗಡೆಯಿದು.

ಆದರೆ ಅವಲಂಬನೆಯ ಬೇರು ನದಿಗಳಲ್ಲಿದೆ. ಭೂತಾನದ ಜಲವಿದ್ಯುತ್ತಿಗೆ ಭಾರತವೇ ಮುಖ್ಯ ಗ್ರಾಹಕ, ಭಾರತವೇ ಸಾಲಿಗ. 336 ಮೆಗಾವಾಟಿನ ಚುಖಾ ಯೋಜನೆಗೆ ಭಾರತ ಕೊಟ್ಟ ಹಣದಲ್ಲಿ ಶೇ. 60 ಅನುದಾನ, ಶೇ. 40 ಸಾಲ. 2019ರಲ್ಲಿ ಉದ್ಘಾಟನೆಗೊಂಡ ಮಾಂಗ್ದೆಛು ಯೋಜನೆಯ ವೇಳೆಗೆ ಅನುದಾನ ಶೇ. 30ಕ್ಕೆ ಇಳಿದು, ಸಾಲ ಶೇ. 70ಕ್ಕೆ ಏರಿತ್ತು. 1200 ಮೆಗಾವಾಟಿನ ಪುನತ್ಸಂಗ್‌ಛು-1 ಯೋಜನೆಯಲ್ಲಿ 2013ರಲ್ಲಿ ಅಣೆಕಟ್ಟೆಯ ಬಲದಂಡೆಯ ಗುಡ್ಡ ಜರಿದು, ಕಾಮಗಾರಿ ವರ್ಷಗಟ್ಟಲೆ ಕುಂಠಿತವಾಯಿತು. ವೆಚ್ಚ ಬೆಳೆಯುತ್ತ ಹೋಯಿತು. ಚಳಿಗಾಲದಲ್ಲಿ ನದಿಗಳು ಸೊರಗಿದಾಗ, ವಿದ್ಯುತ್ ಮಾರುವ ಆ ದೇಶವೇ ಭಾರತದಿಂದ ವಿದ್ಯುತ್ ಕೊಳ್ಳುತ್ತದೆ.

ಅದೇ 2013ರ ಜುಲೈನಲ್ಲಿ, ಭೂತಾನದ ಚುನಾವಣೆಯ ಹೊಸ್ತಿಲಲ್ಲಿ, ಸೀಮೆಎಣ್ಣೆ ಮತ್ತು ಅಡುಗೆ ಅನಿಲಕ್ಕೆ ಭಾರತ ನೀಡುತ್ತಿದ್ದ ಸಹಾಯಧನ ನಿಂತಿತು. ಚುನಾವಣೆಯ ಬಳಿಕ ಅದು ಮರಳಿತಾದರೂ, ಒಂದು ರಾಜಧಾನಿಯ ನಿರ್ಧಾರವು ಇನ್ನೊಂದು ದೇಶದ ಒಲೆಯನ್ನು ಹೇಗೆ ತಟ್ಟಬಲ್ಲದೆಂದು ಜನರಿಗೆ ಮನವರಿಕೆಯಾಯಿತು.

ಹಾಗೆಂದು ಭೂತಾನ ಎಲ್ಲಕ್ಕೂ ತಲೆಯಾಡಿಸಿಲ್ಲ. ನೆಲದ ಶೇ. 60 ಭಾಗವಾದರೂ ಎಂದೆಂದಿಗೂ ಅರಣ್ಯವಾಗಿರಬೇಕೆಂದು 2008ರ ತನ್ನ ಸಂವಿಧಾನದಲ್ಲೇ ಬರೆದುಕೊಂಡಿತು. ನಾಲ್ಕು ದೇಶಗಳ ನಡುವೆ ವಾಹನಗಳ ಮುಕ್ತ ಸಂಚಾರಕ್ಕಾಗಿ 2015ರಲ್ಲಿ ಥಿಂಫುವಿನಲ್ಲೇ ಸಹಿಯಾದ ಒಪ್ಪಂದವನ್ನು, 2016ರಲ್ಲಿ ಅದರ ಸಂಸತ್ತಿನ ಮೇಲ್ಮನೆ ತಿರಸ್ಕರಿಸಿತು. ಹೊರಗಿನ ಲಾರಿಗಳ ದಟ್ಟಣೆಯಿಂದ ಬೆಟ್ಟದ ಪರಿಸರ ಕೆಡುವುದೆಂಬ ಆತಂಕ ಅಲ್ಲಿತ್ತು. ಸರ್ಕಾರವು 2017ರಲ್ಲಿ ಉಳಿದ ಮೂರು ದೇಶಗಳಿಗೆ, ತಮ್ಮನ್ನು ಬಿಟ್ಟು ಮುಂದುವರಿಯಿರೆಂದು ತಿಳಿಸಿತು. ಸ್ನೇಹವೇನೂ ಮುರಿಯಲಿಲ್ಲ.

ಸಣ್ಣವರಿಗೆ ಅವಲಂಬನೆ ಪೂರ್ತಿ ತಪ್ಪಲಾರದು. ಆದರೆ ಏನನ್ನು ಕೊಡಲಾಗದೆಂಬುದನ್ನು ಮೊದಲೇ ತಮ್ಮ ಕಾನೂನಿನಲ್ಲಿ ಬರೆದಿಟ್ಟವರಿಗೆ, ಕೇಳುವ ಹೊತ್ತಿನಲ್ಲಿ ಒಲ್ಲೆನೆನ್ನುವುದು ಸುಲಭವಾಗುತ್ತದೆ. ಶರಾವತಿ ಕಣಿವೆಯಲ್ಲಿ ಮುಳುಗಡೆಯ ನೋವುಂಡ ಮಲೆನಾಡಿಗರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ದೊಡ್ಡ ದೇಶದ ಪ್ರಜೆಗಳಾದ ನಮಗೆ ಇನ್ನೊಂದು ಹೊಣೆಯೂ ಇದೆ: ನಮ್ಮ ಜಾಲಕ್ಕೆ ಹರಿದುಬರುವ ವಿದ್ಯುತ್ತಿಗಾಗಿ ಯಾರ ಗುಡ್ಡ ಜರಿಯಿತು, ಸಾಲ ಯಾರ ಹೆಗಲೇರಿತು ಎಂದು ನಮ್ಮ ಸರ್ಕಾರವನ್ನು ನಾವೇ ಕೇಳಬೇಕು.