ಎಂಟು ಗುಂಡಿ, ನಾಲ್ಕು ಕೈ



ವಿಶಾಖಪಟ್ಟಣದಲ್ಲಿ ಕನ್ನಡದವರು ಸಂಗೀತದ ಮಾತೆತ್ತಿದರೆ ಮೊದಲು ನೆನೆಯಬೇಕಾದವರು ದ್ವಾರಂ ವೆಂಕಟಸ್ವಾಮಿ ನಾಯ್ಡು. 1893ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ, ಬೆಳೆದದ್ದು ಈ ಊರಿನಲ್ಲಿ. ಕಣ್ಣು ಮಂದವಾಗಿದ್ದ ಈ ಹುಡುಗ ಮುಂದೆ ವಿಜಯನಗರಂ ಮಹಾರಾಜರ ಸಂಗೀತ ಕಾಲೇಜಿನ ಪ್ರಾಂಶುಪಾಲರಾದರು. ಅವರ ಕೈಯಲ್ಲಿದ್ದದ್ದು ಪಿಟೀಲು, ಪರದೇಶದಿಂದ ಬಂದ ವಾದ್ಯ. ಅದಕ್ಕೂ ಒಂದು ಶತಮಾನ ಮೊದಲು ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಅದನ್ನು ಐರೋಪ್ಯರಿಂದ ಕಲಿತಿದ್ದರು. ಇಂದು ಪಿಟೀಲಿಲ್ಲದ ಕಚೇರಿಯನ್ನು ನಾವು ಊಹಿಸಲಾರೆವು. ವಾದ್ಯ ಯಾರದು ಎಂಬ ಪ್ರಶ್ನೆಯನ್ನು ಕೈ ಇತ್ಯರ್ಥ ಮಾಡುತ್ತದೆ. ಈ ಮಾತನ್ನೇ ಹಿಡಿದುಕೊಂಡು ಇಂದು ವಿದ್ಯುತ್ ವಾದ್ಯಗಳ ಕಡೆಗೆ, ಇಂಗ್ಲೆಂಡಿನ ಇಬ್ಬರು ಅಣ್ಣತಮ್ಮಂದಿರ ಕಡೆಗೆ ನಿಮ್ಮನ್ನು ಕರೆದೊಯ್ಯುತ್ತೇನೆ.

ಅವರು ಫಿಲ್ ಹಾರ್ಟ್‌ನಲ್ ಮತ್ತು ಪಾಲ್ ಹಾರ್ಟ್‌ನಲ್. ಊರು ಕೆಂಟ್ ಪ್ರಾಂತ್ಯದ ಸೆವೆನೋಕ್ಸ್. ಜೋಡಿಯ ಹೆಸರು ಆರ್ಬಿಟಲ್. ಲಂಡನ್ನನ್ನು ಸುತ್ತುವರಿದ ಎಂ25 ಹೆದ್ದಾರಿಯ ಆಸುಪಾಸಿನಲ್ಲಿ ಆಗ ಯುವಕರು ರಾತ್ರಿಯಿಡೀ ಕುಣಿಯುವ ಕೂಟಗಳು ನಡೆಯುತ್ತಿದ್ದವು, ಆ ವರ್ತುಲ ರಸ್ತೆಯಿಂದಲೇ ಬಂದ ಹೆಸರು ಇದು. ಅವರ ಮೊದಲ ಹಾಡು 'ಚೈಮ್' ತಯಾರಾದದ್ದು ತಂದೆತಾಯಿಯ ಮನೆಯಲ್ಲಿ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ. ಧ್ವನಿಮುದ್ರಣವಾದದ್ದು ಅಪ್ಪನ ಕ್ಯಾಸೆಟ್ ಡೆಕ್ಕಿನಲ್ಲಿ. 1990ರಲ್ಲಿ ಅದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 17ನೇ ಸ್ಥಾನಕ್ಕೇರಿತು.

ಈ ಸೋದರರು ನುಡಿಸುವ ಟೆಕ್ನೋ ಎಂಬ ಪ್ರಕಾರ ಹುಟ್ಟಿದ್ದು ಅಮೆರಿಕದ ಡೆಟ್ರಾಯ್ಟ್ ಸೀಮೆಯಲ್ಲಿ, 1980ರ ದಶಕದಲ್ಲಿ. ಕಾರು ಕಾರ್ಖಾನೆಗಳ ಆ ಸೀಮೆಯಲ್ಲಿ ಇದನ್ನು ಕಟ್ಟಿದವರು ವಾನ್ ಆಟ್ಕಿನ್ಸ್ ಮತ್ತು ಅವರ ಗೆಳೆಯರಾದ ಕಪ್ಪು ಯುವಕರು. ಉಕ್ಕಿನ ಕಾರ್ಖಾನೆಯ ಪಾಳಿ ಮುಗಿಸಿ ಬರುವವರು, ಹಡಗುಕಟ್ಟೆಯ ಸುತ್ತಿಗೆ ಕೇಳಿ ಬೆಳೆದವರು ಈ ಸಭೆಯಲ್ಲಿ ಇರಬಹುದು. ಯಂತ್ರದ ಬಡಿತಕ್ಕೂ ಒಂದು ಲಯವಿದೆ ಎಂದು ನಿಮಗೆ ನಾನು ಹೇಳಿಕೊಡಬೇಕಿಲ್ಲ.

"ಯಂತ್ರವೇ ನುಡಿಸುತ್ತದೆ, ಇವರು ಮಾಡುವುದೇನು?" ನನ್ನ ಮಗಳು ಈ ಸಂಗೀತವನ್ನು ಮೊದಲ ಸಲ ಕೇಳಿಸಿದಾಗ ನಾನೂ ಹೀಗೆಯೇ ಕೇಳಿದ್ದೆ. ಉತ್ತರ ಸಿಕ್ಕಿದ್ದು ಆರ್ಬಿಟಲ್ ಸೋದರರ ವೇದಿಕೆಯ ಕ್ರಮವನ್ನು ಅರ್ಥಮಾಡಿಕೊಂಡಾಗ. ಅಲೆಸಿಸ್ ಕಂಪನಿಯ ಎಂಎಂಟಿ-8 ಎಂಬ ಪೆಟ್ಟಿಗೆಗಳನ್ನು ಅವರು ಬಹುಕಾಲ ಬಳಸಿದರು. ಒಂದೊಂದರಲ್ಲೂ ಎಂಟು ಪಟ್ಟಿ, ಪಟ್ಟಿಗೊಂದು ಗುಂಡಿ. ಒಂದರಲ್ಲಿ ತಾಳ, ಒಂದರಲ್ಲಿ ಮಂದ್ರದ ಸ್ವರ, ಇನ್ನೊಂದರಲ್ಲಿ ರಾಗದ ತುಣುಕು. ಗುಂಡಿ ಒತ್ತಿದರೆ ಆ ಪಟ್ಟಿ ಮೌನ, ಮತ್ತೆ ಒತ್ತಿದರೆ ದನಿ. ತುಣುಕುಗಳು ಮೊದಲೇ ಸಿದ್ಧವಾಗಿರುತ್ತವೆ. ಯಾವುದು ಯಾವಾಗ ಬರಬೇಕು, ಎಷ್ಟು ಹೊತ್ತು ನಿಲ್ಲಬೇಕು, ತಾಳವನ್ನು ಯಾವ ಗಳಿಗೆಯಲ್ಲಿ ತೆಗೆದು ಸಾವಿರಾರು ಜನರನ್ನು ಕಾಯಿಸಬೇಕು ಎಂಬುದನ್ನು ಮಾತ್ರ ಆ ರಾತ್ರಿ ನಾಲ್ಕು ಕೈಗಳು ನಿರ್ಧರಿಸುತ್ತವೆ. ಪಲ್ಲವಿಯ ಸಾಲು ಒಂದೇ ಇದ್ದರೂ ವಿದ್ವಾಂಸರು ದಿನಕ್ಕೊಂದು ಬಗೆಯಲ್ಲಿ ನೆರವಲು ಮಾಡುತ್ತಾರಲ್ಲ, ಅದರ ದಾಯಾದಿ ಇದು. ಕತ್ತಲ ವೇದಿಕೆಯಲ್ಲಿ ಗುಂಡಿಗಳು ಕಾಣಬೇಕೆಂದು ಇಬ್ಬರೂ ಕನ್ನಡಕದ ಎರಡೂ ಬದಿಗೆ ಪುಟ್ಟ ಟಾರ್ಚ್ ಕಟ್ಟಿಕೊಳ್ಳುತ್ತಾರೆ. ಅದೇ ಅವರ ಗುರುತಾಯಿತು. 1994ರ ಗ್ಲಾಸ್ಟನ್‌ಬರಿ ಉತ್ಸವದ ಅವರ ಕಚೇರಿಯನ್ನು ಇಂಗ್ಲೆಂಡಿನ ಜನ ಇಂದಿಗೂ ನೆನೆಯುತ್ತಾರೆ.

2004ರಲ್ಲಿ ಇಬ್ಬರೂ ಬೇರೆಯಾದರು. 2009ರಲ್ಲಿ ಮತ್ತೆ ವೇದಿಕೆಗೆ ಬಂದರು. 2012ರ ಏಪ್ರಿಲ್‌ನಲ್ಲಿ 'ವಾಂಕಿ' ಹೊರಬಂತು, ಎಂಟು ವರ್ಷಗಳ ನಂತರದ ಆಲ್ಬಮ್. ಫಿಲ್ ಐವತ್ತರ ಹತ್ತಿರವಿದ್ದರು. ಕುಣಿಯುವವರ ಪೀಳಿಗೆ ಬದಲಾಗಿತ್ತು. ಬ್ರಿಟನ್ನಿನಲ್ಲೇ ಡಬ್‌ಸ್ಟೆಪ್ ಎಂಬ ಹೊಸ ಲಯ ಹುಟ್ಟಿಕೊಂಡಿತ್ತು. ಆಲ್ಬಮ್ಮಿನಲ್ಲಿ 'ಬೀಲ್ಝೆಡಬ್' ಎಂಬ ಹಾಡಿದೆ. ಅದು 1991ರ ತಮ್ಮದೇ 'ಸೇಟನ್' ಎಂಬ ಹಾಡನ್ನು ಈ ಹೊಸ ಲಯಕ್ಕೆ ಇಳಿಸಿದ ರೂಪ. ನನಗೆ ಇಡೀ ಆಲ್ಬಮ್ಮಿನಲ್ಲಿ ಹೆಚ್ಚು ಪ್ರಿಯವಾದದ್ದು ಇದೇ. ಮಕ್ಕಳ ಕಾಲದ ಲಯವನ್ನು ಹಿರಿಯರು ಮರ್ಯಾದೆಯಿಂದ ಕೇಳಿ ಕಲಿತು, ತಮ್ಮ ಹಳೆಯ ಸ್ವರಗಳನ್ನು ಅದರ ಮೇಲೆ ಕೂರಿಸಿದ್ದಾರೆ. ಲೇಡಿ ಲೆಶರ್ ಎಂಬ ಯುವ ರ‍್ಯಾಪ್ ಗಾಯಕಿಯ ದನಿಗೂ ಶೀರ್ಷಿಕೆಯ ಹಾಡಿನಲ್ಲೇ ಜಾಗ ಕೊಟ್ಟಿದ್ದಾರೆ.

ಅದೇ ವರ್ಷದ ಆಗಸ್ಟ್ 29ರಂದು, ಲಂಡನ್ ಪ್ಯಾರಾಲಿಂಪಿಕ್ಸ್ ಉದ್ಘಾಟನೆಯಲ್ಲಿ, ಆಲ್ಬಮ್ಮಿನ ಕೊನೆಯ ಹಾಡಾದ 'ವೇರ್ ಈಸ್ ಇಟ್ ಗೋಯಿಂಗ್?' ಅನ್ನು ಆರ್ಬಿಟಲ್ ನುಡಿಸಿತು. ಅದರೊಳಗೆ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರ ದನಿ ಸೇರಿತ್ತು. ಹಾಕಿಂಗ್ ಮಾತಾಡುತ್ತಿದ್ದದ್ದು ಯಂತ್ರದ ಮೂಲಕ. ಆ ಕಂಠದ ಮೂಲದಲ್ಲಿದ್ದದ್ದು ಡೆನ್ನಿಸ್ ಕ್ಲಾಟ್ ಎಂಬ ಅಮೆರಿಕನ್ ಸಂಶೋಧಕರು ತಮ್ಮದೇ ದನಿಯಿಂದ ರೂಪಿಸಿದ ದನಿ. ಮುಂದೆ ಅದಕ್ಕಿಂತ ನಯವಾದ ಯಂತ್ರಕಂಠಗಳು ಬಂದರೂ ಹಾಕಿಂಗ್ ಬದಲಾಯಿಸಲಿಲ್ಲ. ಆ ಹಳೆಯ ದನಿಯೇ ತಮ್ಮದು ಎಂದುಕೊಂಡಿದ್ದರು. ಯಂತ್ರಕ್ಕೆ ಜೀವವಿಲ್ಲ ಎನ್ನುವವರಿಗೆ ಆ ರಾತ್ರಿಯ ಮುದ್ರಿಕೆಯನ್ನು ನಾನು ಕೇಳಿಸುತ್ತೇನೆ. ಯಂತ್ರಕಂಠವನ್ನು ತನ್ನದಾಗಿಸಿಕೊಂಡ ಒಬ್ಬ ವಿಜ್ಞಾನಿ, ಯಂತ್ರವಾದ್ಯವನ್ನು ತಮ್ಮದಾಗಿಸಿಕೊಂಡ ಇಬ್ಬರು ಸೋದರರು, ಒಂದೇ ಶ್ರುತಿಯಲ್ಲಿ.

ವರ್ಷಗಳ ನಂತರ ವೇದಿಕೆಗೆ ಮರಳಿದ ಈ ಸೋದರರಂಥ ಕಥೆ ನಮ್ಮಲ್ಲೂ ಒಂದಿದೆ. 1982ರಲ್ಲಿ ಮುಂಬಯಿಯ ಚರಣ್‌ಜಿತ್ ಸಿಂಗ್ ರೋಲ್ಯಾಂಡ್ ಯಂತ್ರಗಳ ಮೇಲೆ ಹತ್ತು ರಾಗ ನುಡಿಸಿ ಒಂದು ಧ್ವನಿಮುದ್ರಿಕೆ ತಂದರು. ಆಗ ಅದನ್ನು ಕೇಳಿದವರು ಬಹಳ ಕಡಿಮೆ. 2010ರಲ್ಲಿ ಅದು ಮರುಮುದ್ರಣವಾಯಿತು. ಅದೇ ಯಂತ್ರಗಳಿಂದ ಆ್ಯಸಿಡ್ ಹೌಸ್ ಎಂಬ ಕುಣಿತದ ಸಂಗೀತ ಆ ಮುದ್ರಿಕೆಯ ನಂತರ ಹುಟ್ಟಿತ್ತಾದ್ದರಿಂದ ಯುರೋಪು ಬೆರಗಾಯಿತು. ಎಪ್ಪತ್ತು ದಾಟಿದ ಸಿಂಗ್ ಅಲ್ಲಿನ ವೇದಿಕೆಗಳಲ್ಲಿ ನುಡಿಸಿ ಬಂದರು. 2015ರಲ್ಲಿ ತೀರಿಕೊಂಡರು. ಅವರ ಹೆಸರು ನಮ್ಮ ಸಂಗೀತದ ಪಠ್ಯಗಳಲ್ಲಿ ಬರಬೇಕೆಂದು ನನ್ನ ಆಸೆ.

ಆರ್ಬಿಟಲ್ 2014ರಲ್ಲಿ ಮತ್ತೆ ಬೇರೆಯಾಯಿತು, 2017ರಲ್ಲಿ ಮತ್ತೆ ಕೂಡಿತು. 2018ರಲ್ಲಿ ಒಂದು, 2023ರಲ್ಲಿ ಇನ್ನೊಂದು ಆಲ್ಬಮ್ ಬಂತು. ಒಡಹುಟ್ಟಿದವರ ಮನಸ್ತಾಪ ಎಷ್ಟು ಆಳ ಹೋಗುತ್ತದೆಂದು ಸಂಸಾರ ಮಾಡಿದ ನಮಗೆಲ್ಲ ಗೊತ್ತು. ಒಬ್ಬನೇ ಕೂತು ಎಂಟೂ ಗುಂಡಿ ಒತ್ತಬಹುದಿತ್ತು, ಪಾಲ್ ಒಬ್ಬರೇ ಸಂಗೀತ ಮಾಡಿದ್ದೂ ಉಂಟು. ಆದರೂ ಒಂದೇ ಮೇಜಿನ ಹಿಂದೆ ಮತ್ತೆ ಇಬ್ಬರೂ ಬಂದು ನಿಂತರು.

ಅವರ ಇನ್ನೊಂದು ಹಾಡು 'ಹಾಲ್ಸಿಯನ್', 1990ರ ದಶಕದ್ದು. ನಿದ್ರೆಮಾತ್ರೆಯ ದಾಸ್ಯಕ್ಕೆ ಸಿಕ್ಕಿದ್ದ ತಮ್ಮ ತಾಯಿಗೆ ಮಕ್ಕಳು ಅರ್ಪಿಸಿದ್ದು, ಆ ಮಾತ್ರೆಯದೇ ಹೆಸರು. ಅದರಲ್ಲಿ ಒಂದು ಹೆಣ್ಣುದನಿಯನ್ನು ಹಿಂದುಮುಂದಾಗಿ ತಿರುಗಿಸಿದ್ದಾರೆ, ಹಾಗಾಗಿ ಪದ ತಿಳಿಯುವುದಿಲ್ಲ. ಅರ್ಥ ಹುಡುಕದೆ ಕೇಳಿ. ಧ್ವನಿವರ್ಧಕ ಸಿದ್ಧವಿದೆ, ದೀಪ ಆರಿಸಬಹುದು.