ಯಾವಾಗಿನಿಂದ? ಎಷ್ಟು ದಿನ? ಎಲ್ಲಿಯ ತನಕ?

(ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ತರಬೇತಿಯಲ್ಲಿ ಮಾಡಿದ ಭಾಷಣ)



ನಾವು ಸಂಘದ ಸಭೆಗೆ ಬಂದಾಗ ನೀವು ಬ್ಯಾಂಕಿನ ಕಾಗದ ತಂದು, "ಸಿಸ್ಟರ್, ಇದರಾಗ ಏನ್ ಬರದಾರ ನೋಡ್ರಿ" ಅಂತೀರಿ. ಮೊತ್ತ, ಬಡ್ಡಿ ಅಂಕಿಯಲ್ಲಿ ಇರುತ್ತವೆ, ನಿಮಗೆ ತಿಳಿಯುತ್ತದೆ. ತೊಡಕಾಗುವುದು ಕಾಲ ಹೇಳುವ ಇಂಗ್ಲಿಷ್ ಮಾತುಗಳಲ್ಲಿ. ಇವತ್ತು ಅಂಥ ಕೆಲವು ಮಾತು ಕಲಿಯೋಣ.

ನಾವು "ಎಂಟು ತಿಂಗಳಿಂದ ಕಂತು ಕಟ್ಟಾಕತ್ತೇವಿ" ಅಂತೀವಿ, "ಯುಗಾದಿಯಿಂದ ಕಟ್ಟಾಕತ್ತೇವಿ" ಅಂತಲೂ ಅಂತೀವಿ. ಕನ್ನಡದಲ್ಲಿ ಎರಡಕ್ಕೂ "ಇಂದ" ಸಾಕು. ಇಂಗ್ಲಿಷಿನಲ್ಲಿ ಹಾಗಲ್ಲ. ಎಷ್ಟು ಕಾಲ ಎಂಬ ಅಳತೆಗೆ "ಫಾರ್", ಶುರುವಾದ ದಿನಕ್ಕೆ "ಸಿನ್ಸ್". ನೋಟೀಸಿನಲ್ಲಿ "ಓವರ್‌ಡ್ಯೂ ಸಿನ್ಸ್" ಎಂದು ತಾರೀಖು ಇದ್ದರೆ, ಆ ದಿನದಿಂದ ಇನ್ನೂ ಬಾಕಿ ಇದೆ ಎಂದರ್ಥ. ಪಾಸ್‌ಬುಕ್ ತೆಗೆದು ತಾಳೆ ನೋಡಿರಿ. ಕಟ್ಟಿದ್ದರೆ ರಸೀದಿ ತೋರಿಸಿ ಕೇಳಿರಿ.

"ಟಿಲ್ ಡೇಟ್" ಅಂದರೆ ಇವತ್ತಿನ ತನಕ. ಚೆಕ್ಕಿನ ಮೇಲೆ "ವ್ಯಾಲಿಡ್ ಫಾರ್ ತ್ರೀ ಮಂತ್ಸ್" ಅಂದರೆ ಮೂರು ತಿಂಗಳು ಮಾತ್ರ ನಡೆಯುತ್ತದೆ. ಮೊದಲು ಆರು ತಿಂಗಳಿತ್ತು. ರಿಸರ್ವ್ ಬ್ಯಾಂಕ್ 2012ರ ಏಪ್ರಿಲ್ 1ರಿಂದ ಮೂರಕ್ಕೆ ಇಳಿಸಿತು. ಲೆಕ್ಕ ನಿಮ್ಮ ಕೈಗೆ ಬಂದ ದಿನದಿಂದಲ್ಲ, ಚೆಕ್ಕಿನ ಮೇಲೆ ಬರೆದ ತಾರೀಖಿನಿಂದ.

ಎಲ್ಲಕ್ಕಿಂತ ಎಚ್ಚರ ಬೇಕಾದ ಮಾತು "ಕಂಟಿನ್ಯೂಯಿಂಗ್ ಗ್ಯಾರಂಟಿ", ಅಂದರೆ ಮುಂದುವರಿಯುತ್ತಲೇ ಇರುವ ಜಾಮೀನು. ಮೈದುನನ ಅಂಗಡಿ ಸಾಲಕ್ಕೆ ನೀವು ಸಹಿ ಮಾಡಿದಿರಿ ಅನ್ನಿ. ಅದು ಒಂದೇ ಸಾಲದ ಜಾಮೀನಾದರೆ, ಆ ಸಾಲ ತೀರಿದ ದಿನ ನಿಮ್ಮ ಹೊಣೆಯೂ ತೀರಿತು. ಮುಂದುವರಿಯುವ ಜಾಮೀನಾದರೆ ಹಂಗಲ್ರಿ. ಆತ ತೀರಿಸಿ ಅದೇ ಖಾತೆಯಲ್ಲಿ ಮತ್ತೆ ಸಾಲ ಎತ್ತಿದರೂ ನಿಮ್ಮ ಹಳೇ ಸಹಿ ನಡೆಯುತ್ತದೆ. 1872ರ ಭಾರತೀಯ ಕರಾರು ಕಾಯಿದೆಯ 129ನೇ ಕಲಮಿನಲ್ಲಿ ಇದು ಇದೆ. 130ನೇ ಕಲಮಿನಲ್ಲಿ ದಾರಿಯೂ ಇದೆ: ಸಾಲ ಕೊಟ್ಟವರಿಗೆ ನೋಟೀಸು ಕೊಟ್ಟು, ಮುಂದಿನ ವ್ಯವಹಾರಕ್ಕೆ ಜಾಮೀನು ಹಿಂದಕ್ಕೆ ಪಡೆಯಬಹುದು. ಬರೆದೇ ಕೊಡಿರಿ, ಪ್ರತಿಯ ಮೇಲೆ ಸ್ವೀಕೃತಿ ಪಡೆಯಿರಿ. ಆದರೆ ಆಗಲೇ ಆದ ಸಾಲದ ಹೊಣೆ ತಪ್ಪುವುದಿಲ್ಲ.

ಆದ್ದರಿಂದ ಅಕ್ಕಂದಿರೇ, ಸಹಿಗೆ ಮುಂಚೆ ಮೂರು ಪ್ರಶ್ನೆ ಕೇಳಿರಿ: ಯಾವಾಗಿನಿಂದ? ಎಷ್ಟು ದಿನ? ಎಲ್ಲಿಯ ತನಕ? ಉತ್ತರವನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಬರೆದಿಡಿರಿ. ಕೇಳಿದರೆ ಐದು ನಿಮಿಷ ತಡವಾದೀತು. ಕೇಳದಿದ್ದರೆ ವರ್ಷಗಟ್ಟಲೆ ಕಟ್ಟಬೇಕಾದೀತು.