ಕೈತೋಟವೂ ಉಳಿಯಲಿ, ಬೆಕ್ಕೂ ಉಳಿಯಲಿ



ಭತ್ತ ಬೆಳೆಯುವ ಹನುಮನಹಳ್ಳಿಯಲ್ಲಿ ಕಾಳಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು. ಹಿತ್ತಿಲ ಮೆಂತ್ಯದ ಮಡಿಯನ್ನು ಕೆದರಿ ಹೊಲಸು ಮಾಡಿದಾಗ ಮಾತ್ರ ಅದು ವೈರಿಯೆನಿಸುತ್ತದೆ. ಮಲವನ್ನು ಹೂಳುವುದು ಬೆಕ್ಕಿನ ಹುಟ್ಟುಗುಣ. ಆದ್ದರಿಂದಲೇ ಸಡಿಲವಾದ ಒಣಮಣ್ಣನ್ನು ಅದು ಅರಸುತ್ತದೆ.

ಇದು ಕೇವಲ ದುರ್ವಾಸನೆಯ ಪ್ರಶ್ನೆಯಲ್ಲ. ಕೆಲವು ಬೆಕ್ಕುಗಳ ಮಲದಲ್ಲಿ ಟಾಕ್ಸೋಪ್ಲಾಸ್ಮಾ ಎಂಬ ಪರೋಪಜೀವಿಯಿರುತ್ತದೆ. 1ರಿಂದ 5 ದಿನಗಳಲ್ಲಿ ಸೋಂಕು ಹರಡುವ ಶಕ್ತಿ ಪಡೆದು, ತೇವದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಗರ್ಭಿಣಿಗೆ ತಗುಲಿದರೆ ಶಿಶುವಿನ ಕಣ್ಣು, ಮಿದುಳಿಗೆ ಹಾನಿಯಾಗಬಹುದು. ಆದುದರಿಂದ ಮಲವನ್ನು ಅಂದಂದೇ ಸಲಿಕೆಯಿಂದ ತೆಗೆದು ದೂರದಲ್ಲಿ ಆಳವಾಗಿ ಹೂಳಬೇಕು, ತಿಪ್ಪೆಗೆ ಹಾಕಬಾರದು. ಸೊಪ್ಪನ್ನು ಚೆನ್ನಾಗಿ ತೊಳೆದೇ ಬಳಸಬೇಕು.

ವಿಷ ಬೇಡ. ಬಿತ್ತಿದ ಮಡಿಯ ಮೇಲೆ ಜಾಲಿಮುಳ್ಳು ಹರಡಿ, ಮಣ್ಣನ್ನು ಹಸಿಯಾಗಿಡಿ. ಮಕ್ಕಳು ಆಡದ ಮೂಲೆಯಲ್ಲಿ ಒಣಮರಳಿನ ಗುಡ್ಡೆಯೊಂದನ್ನು ಬೆಕ್ಕಿಗೆ ಬಿಟ್ಟುಕೊಡಿ. ಬೆಕ್ಕನ್ನು ಕೊಂದ ಊರಿನ ಭತ್ತ ಇಲಿಯ ಪಾಲು.